ಕಷ್ಟ ಆಗಬಹುದು

ನನ್ನ ಕೈಗೆ ಬ್ರೈಲ್ ಕಲಿಸಿದವರು ಮೇಷ್ಟ್ರು. ಕೈಗೆ ಎಂದು ಬೇಕೆಂದೇ ಬರೆದಿದ್ದೇನೆ. ಚಾಮರಾಜಪೇಟೆಯ ಆ ಅಂಧ ಮಕ್ಕಳ ಶಾಲೆಗೆ ಟೀಚರ್ ಆಗಿ ಸೇರಿದಾಗ ನನ್ನ ಹತ್ತಿರ ಡಿಪ್ಲೊಮಾ ಇತ್ತು, ಅಕ್ಷರಗಳೆಲ್ಲ ಬಾಯಿಪಾಠವಾಗಿದ್ದವು, ದಪ್ಪ ಹಾಳೆಯ ಮೇಲೆ ಉಬ್ಬಿದ ಚುಕ್ಕಿಗಳನ್ನು ಕಣ್ಣಿನಿಂದ ನೋಡಿ ಸರಾಗವಾಗಿ ಓದುತ್ತಿದ್ದೆ. ಕಣ್ಣಿರುವ ಟೀಚರುಗಳು ಸಾಮಾನ್ಯವಾಗಿ ಹಾಗೇ ಓದುವುದು. ಅದರಲ್ಲೊಂದು ಕೊರತೆ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮೊದಲ ವಾರವೇ ಮೇಷ್ಟ್ರು ಕೇಳಿದರು: "ಏನಮ್ಮಾ, ಬೆರಳಲ್ಲಿ ಓದ್ತೀಯೋ, ಕಣ್ಣಲ್ಲಿ ಓದ್ತೀಯೋ?"

"ಕಣ್ಣಲ್ಲೇ ಸಾರ್."

"ಹಂಗಾದ್ರೆ ನೀನು ಓದ್ತಿಲ್ಲ, ಚುಕ್ಕಿ ಎಣಿಸ್ತಿದೀಯ."

ಹೆಗಲ ಮೇಲಿದ್ದ ಟವಲ್ ತೆಗೆದು ನನ್ನ ಎರಡೂ ಕೈಗಳ ಮೇಲೆ ಹೊದಿಸಿ, ಅದರಡಿಗೆ ಒಂದನೇ ಕ್ಲಾಸಿನ ಪುಸ್ತಕ ತೂರಿಸಿದರು. ಮೂರು ತಿಂಗಳು, ಪ್ರತಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ಪಾಠ. ಒಂದನೇ ಕ್ಲಾಸಿನ ಮಕ್ಕಳು ಸುತ್ತ ಕೂತು ನಾನು ತಡವರಿಸಿದಾಗಲೆಲ್ಲ ಕಿಸಕ್ಕನೆ ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಟವಲ್ ಕಿತ್ತೆಸೆದು ಎದ್ದೂ ಹೋಗಿದ್ದೆ. ಮಾರನೆಯ ದಿನ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಒಗೆದ ಟವಲ್ ತಂದಿದ್ದರು. ನನ್ನ ಬೆರಳಿಗೆ ಓದು ಹತ್ತಿದ್ದು ಹಾಗೆ.

ಮೇಷ್ಟ್ರು ನನಗಿಂತ ಏಳು ವರ್ಷ ದೊಡ್ಡವರು. ಸಿಡುಬಿನಂಥ ಯಾವುದೋ ಕಾಯಿಲೆಯಲ್ಲಿ ನಾಲ್ಕನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡು, ಅದೇ ಶಾಲೆಯಲ್ಲಿ ಓದಿ, ಬಿ.ಎಡ್. ಮುಗಿಸಿ, ಅಲ್ಲೇ ಗಣಿತ ಮತ್ತು ಸಮಾಜ ಕಲಿಸಲು ಬಂದವರು. ಸಂಜೆ ಬಿಳಿ ಕೋಲು ಹಿಡಿದು ಕಾಟನ್‌ಪೇಟೆಯ ಒಳಗಿಂದ ಮೆಜೆಸ್ಟಿಕ್ಕಿಗೆ ನಡೆದು ವೈಯಾಲಿಕಾವಲ್ ಬಸ್ಸು ಹಿಡಿಯುತ್ತಿದ್ದರು. ತಳ್ಳುಗಾಡಿಯವರು "ಸೈಡು, ಸೈಡು" ಎಂದು ಕೂಗಿದರೆ "ಯಾವ ಸೈಡು ಅಂತ ಹೇಳಪ್ಪಾ, ದೇವರು ನನಗೆ ಎರಡು ಕೊಟ್ಟಿದಾನೆ" ಎಂದು ಅಲ್ಲೇ ನಿಂತು ಜಗಳಕ್ಕೆ ಬೀಳುತ್ತಿದ್ದರು. ಕಂಪ್ಯೂಟರ್ ಬಂದಾಗ ಶಾಲೆಯಲ್ಲಿ ಅದನ್ನು ಮೊದಲು ಕಲಿತವರೂ ಅವರೇ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಸಿಕೊಂಡು, ಇಲಾಖೆಯ ಸುತ್ತೋಲೆಗಳನ್ನು ನಾವೆಲ್ಲ ಕನ್ನಡಕ ಹುಡುಕುವಷ್ಟರಲ್ಲಿ ಕೇಳಿ ಮುಗಿಸಿರುತ್ತಿದ್ದರು.

ಅವರಿಗೆ ಒಂದೇ ಒಂದು ಆಸೆ ಇತ್ತು. ಅದನ್ನು ನನ್ನ ಮುಂದೆ ಒಂದೇ ಸಲ ಬಾಯಿಬಿಟ್ಟು ಹೇಳಿದ್ದರು. ಆಗಿನ ಹೆಡ್‌ಮಾಸ್ಟರು ಆಪರೇಷನ್ ಎಂದು ನಾಲ್ಕು ತಿಂಗಳು ರಜೆ ಹಾಕಿದ್ದರು. ಶಾಲೆಯನ್ನು ಮೇಷ್ಟ್ರೇ ನಡೆಸಿದರು. ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಬಾಯಲ್ಲಿ ಹೇಳಿದ ಉತ್ತರ ಬರೆಯುವುದಕ್ಕೆ ಕಣ್ಣಿರುವ ಹುಡುಗರನ್ನು ಹೊಂದಿಸುವ ತಲೆನೋವಿನ ಕೆಲಸವಿರುತ್ತದೆ. ಯಾವ ವರ್ಷವೂ ಅದು ಕೊನೆಯ ದಿನದವರೆಗೆ ಎಳೆಯದೆ ಮುಗಿದದ್ದಿಲ್ಲ. ಆ ವರ್ಷ ಹದಿನೈದು ದಿನ ಮೊದಲೇ ಮುಗಿದಿತ್ತು. ಹೆಡ್‌ಮಾಸ್ಟರು ವಾಪಸು ಬಂದ ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು.

"ಈ ಸ್ಕೂಲಲ್ಲಿ ಕುರುಡರು ಬೆಂಚ್ ಮೇಲೆ ಕೂತಿದಾರೆ, ಸ್ಟಾಫ್ ರೂಮಲ್ಲಿ ಕೂತಿದಾರೆ. ಆ ರೂಮಲ್ಲಿ ಮಾತ್ರ ಇದುವರೆಗೂ ಯಾರೂ ಖಾಯಮ್ಮಾಗಿ ಕೂತಿಲ್ಲಮ್ಮ," ಎಂದರು. "ನಾನು ಒಂದ್ಸಲ ಕೂತ್ಬಿಟ್ರೆ, ಮುಂದಿನವರಿಗೆ ಯಾರೂ ಪ್ರಶ್ನೆ ಕೇಳಲ್ಲ."

ಕೂತೇ ಕೂರ್ತೀರಿ ಸಾರ್ ಎಂದೆ. ಆ ಗಳಿಗೆಯಲ್ಲಿ ಅದು ಮನಸಾರೆ ಆಡಿದ ಮಾತು.

ಎರಡು ವರ್ಷದ ನಂತರ ಆ ಹೆಡ್‌ಮಾಸ್ಟರು ನಿವೃತ್ತರಾದರು. ಸೀನಿಯಾರಿಟಿಯಲ್ಲಿ ಮೇಷ್ಟ್ರು ಮೊದಲು, ನಾನು ಎರಡನೆಯವಳು. ಆಡಳಿತ ಕಮಿಟಿಯವರು ನನ್ನನ್ನು ಕರೆಸಿದರು. ಅಧ್ಯಕ್ಷರಿಗೆ ಬಳೇಪೇಟೆಯಲ್ಲಿ ಹೋಲ್‌ಸೇಲ್ ವ್ಯಾಪಾರ. ಕೆಟ್ಟವರಲ್ಲ. ಹಬ್ಬ ಬಂದರೆ ಮಕ್ಕಳಿಗೆಲ್ಲ ಹೊಸ ಬಟ್ಟೆ ಕೊಡಿಸುವರು, ಮಕ್ಕಳು ಅದರ ಬಣ್ಣ ಕೇಳಿದರೆ ಅಲ್ಲೇ ಕಣ್ಣೊರೆಸಿಕೊಳ್ಳುವರು. ಕಾಫಿ ಕೊಟ್ಟು ಕೂರಿಸಿ ಹೇಳಿದರು:

"ನೋಡಿ ಮೇಡಂ, ಲೆಕ್ಕದ ಪ್ರಕಾರ ಮೇಷ್ಟ್ರೇ ಆಗ್ಬೇಕು. ನಮ್ದೇನೂ ಅಡ್ಡಿ ಇಲ್ಲ. ಆದ್ರೆ ಫೈಲು, ಇನ್‌ಸ್ಪೆಕ್ಷನ್ನು, ಇಲಾಖೆಗೆ ಓಡಾಟ ಅಂತ ನೂರೆಂಟು ಇರತ್ತೆ. ನೀವು ದಿನಾ ಅವ್ರನ್ನ ನೋಡ್ತೀರ. ನೀವೇ ಹೇಳಿ, ಅವ್ರಿಗೆ ಕಷ್ಟ ಆಗಲ್ವಾ?"

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಆ ಕೋಣೆಯಲ್ಲಿ ನಾನೊಬ್ಬಳೇ. ನಾಲ್ಕು ತಿಂಗಳು ಅವರು ಶಾಲೆ ನಡೆಸಿದ್ದನ್ನು ನೋಡಿದ್ದೆ. ಇಲಾಖೆಗೆ ಹೋಗುವ ಪತ್ರಗಳನ್ನು ಅವರು ಹೇಳಿ, ನಾವು ಬರೆದುಕೊಂಡು, ಅದಕ್ಕೆ ನಮ್ಮ ಸಹಿ ಹಾಕುವುದು ಗೊತ್ತಿತ್ತು. ಹೇಳಬೇಕಿದ್ದದ್ದು ಒಂದೇ ಮಾತು: ಇಲ್ಲ ಸಾರ್, ಆಗಲ್ಲ.

ಆದರೆ ನನಗೂ ಆ ಕುರ್ಚಿ ಬೇಕಿತ್ತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಜೊತೆಗೆ ಓದಿದವರೆಲ್ಲ ಬೇರೆ ಬೇರೆ ಹೈಸ್ಕೂಲುಗಳಲ್ಲಿ ಪ್ರಿನ್ಸಿಪಾಲರಾಗಿದ್ದರು. ಬಸವನಗುಡಿಯ ಯಾವ ಮದುವೆಮನೆಗೆ ಹೋದರೂ ಸೋದರತ್ತೆಯಂಥವರು ಪಕ್ಕಕ್ಕೆ ಕೂರಿಸಿಕೊಂಡು "ಇನ್ನೂ ಅದೇ ಕುರುಡು ಮಕ್ಕಳ ಸ್ಕೂಲೇನೇ?" ಎಂದು ಕೇಳುತ್ತಿದ್ದರು. ಆ 'ಇನ್ನೂ' ಎನ್ನುವುದಕ್ಕೆ ಎದುರುತ್ತರವಾಗಿ ಹೇಳಿಕೊಳ್ಳಲು ನನಗೊಂದು ಪದವಿ ಬೇಕಿತ್ತು.

"ಸ್ವಲ್ಪ ಕಷ್ಟ ಆಗಬಹುದು ಸಾರ್," ಎಂದೆ.

ದನಿಯಲ್ಲಿ ಮರುಕ ಬೆರೆಸಿದ್ದೆ. ಅವರ ಮೇಲಿನ ಕಾಳಜಿಗೇ ಹೇಳುತ್ತಿದ್ದೇನೆ ಎಂಬಂತೆ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು "ನಮಗೂ ಹಾಗೇ ಅನ್ನಿಸ್ತು" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಮಾತು ಹೋದದ್ದು ಕಾಫಿ ಆರುವಷ್ಟರಲ್ಲಿ. ಮಾರನೆಯ ದಿನವೇ ಆರ್ಡರು ನನ್ನ ಹೆಸರಿಗೆ ಬಂತು.

ಅದನ್ನು ಕೈಗೆ ತೆಗೆದುಕೊಂಡ ಬೆಳಿಗ್ಗೆ ಮೊದಲು ಬಂದವರು ಮೇಷ್ಟ್ರು. ಕೈಯಲ್ಲಿ ಅರ್ಧ ಕೆ.ಜಿ. ಮೈಸೂರ್‌ಪಾಕಿನ ಡಬ್ಬಿ. ಬಾಗಿಲಲ್ಲಿ ನಿಂತು ತಮ್ಮ ಹೆಸರು ಹೇಳಿದರು. ನಮ್ಮ ಶಾಲೆಯ ಪದ್ಧತಿಯೇ ಹಾಗೆ. ಯಾವ ಕೋಣೆಗೆ ಯಾರೇ ಬರಲಿ, ಜವಾನನಿಂದ ಹಿಡಿದು ಇಲಾಖೆಯ ಅಧಿಕಾರಿಯವರೆಗೆ, ಹೊಸ್ತಿಲಲ್ಲಿ ನಿಂತು ನಾನು ಇಂಥವರು ಎಂದು ಹೇಳಿಯೇ ಒಳಗೆ ಕಾಲಿಡಬೇಕು. ಒಳಗಿರುವವರಿಗೆ ಕಾಣುವುದಿಲ್ಲವಲ್ಲ. ಸೇರಿದ ದಿನ ಎಲ್ಲಕ್ಕಿಂತ ಮೊದಲು ಕಲಿಸುವುದು ಇದನ್ನೇ.

"ಅಭಿನಂದನೆಗಳು ಮೇಡಂ," ಎಂದರು.

ಇಪ್ಪತ್ತು ವರ್ಷ 'ಏನಮ್ಮಾ' ಎಂದು ಕರೆದವರು. ಅಂದಿನಿಂದ ಮೇಡಂ, ನೀವು, ಬನ್ನಿ. ನಾನು ಎಷ್ಟು ಹೇಳಿದರೂ ಬದಲಾಯಿಸಲಿಲ್ಲ. "ಕುರ್ಚಿಗೆ ಮರ್ಯಾದೆ ಕೊಡ್ಬೇಕು" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಕಹಿ ಇದೆಯೇ ಎಂದು ನಾನು ಹುಡುಕಿದ್ದುಂಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಸ್ಥಿತಿ. ಕಹಿ ಸಿಗಲಿಲ್ಲ. ಇವರಿಗೆ ಗೊತ್ತಿಲ್ಲ ಎಂದು ನಿರ್ಧರಿಸಿ ಹಗುರಾದೆ.

ಆಮೇಲಿನ ನಾಲ್ಕು ವರ್ಷ ಅವರು ನನ್ನ ಕೈಕೆಳಗೆ ದುಡಿದರು. ಕೈಕೆಳಗೆ ಎಂದರೆ ಸಹಿಯ ಕೆಳಗೆ ಅಷ್ಟೇ. ಯಾವ ಅರ್ಜಿಗೆ ಯಾವ ನಿಯಮ, ಯಾವ ಮಗುವಿಗೆ ಯಾವ ಹಾಸ್ಟೆಲು, ಬ್ರೈಲ್ ಪುಸ್ತಕ ಬಾರದಿದ್ದರೆ ಯಾರ ಬೆನ್ನು ಹತ್ತಬೇಕು ಎಲ್ಲ ಅವರೇ ಹೇಳಿಕೊಟ್ಟರು. ನನಗೆ ಹೆಸರು ಬಂತು. ತರಬೇತಿ ಶಿಬಿರಗಳಿಗೆ ಕರೆದರು. ಅಂಥದ್ದೊಂದರಲ್ಲಿ ನಾನು ವಿಶೇಷ ಶಾಲೆಗಳಲ್ಲಿ ನಾಯಕತ್ವ ಎನ್ನುವ ವಿಷಯದ ಮೇಲೆ ಒಂದು ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ. ಆ ಟಿಪ್ಪಣಿಯ ಮುಕ್ಕಾಲು ಭಾಗ ಮೇಷ್ಟ್ರು ಹೇಳಿ ಬರೆಸಿದ್ದು. ಅದನ್ನು ಆ ವೇದಿಕೆಯಲ್ಲಿ ನಾನು ಹೇಳಲಿಲ್ಲ.

ಒಂದು ದಿನದ ಸಂಗತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಾಠ ವೀಕ್ಷಣೆ ಎಂದು ಒಂದು ಫಾರಂ ಬಂದಿತ್ತು. ಪ್ರತಿ ಶಿಕ್ಷಕರ ತರಗತಿಯನ್ನೂ ಹೆಡ್ಡು ನೋಡಿ ಅಂಕ ಕೊಡಬೇಕು. ಮೇಷ್ಟ್ರ ಏಳನೇ ಕ್ಲಾಸಿನ ಬಾಗಿಲಿಗೆ ಹೋದೆ. ರಟ್ಟಿನ ಮೇಲೆ ದಪ್ಪ ದಾರ ಅಂಟಿಸಿ ಮಾಡಿದ ಕರ್ನಾಟಕದ ನಕ್ಷೆಯನ್ನು ಮಕ್ಕಳು ತಡವುತ್ತಿದ್ದರು. ಕಾವೇರಿ ಎಲ್ಲಿ ಹುಟ್ಟಿತು, ಎಲ್ಲಿ ತಿರುಗಿತು ಎಂದು ಅವರು ಕೇಳುತ್ತಿದ್ದರು. ನಾನು ಹೆಸರು ಹೇಳಲಿಲ್ಲ. ಹೇಳಿದರೆ ಪಾಠ ನಿಲ್ಲುತ್ತದೆ, ನಿಜವಾದ ಪಾಠ ನೋಡುವುದಕ್ಕಾಗುವುದಿಲ್ಲ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡು ಫಾರಂ ಹಿಡಿದು ನಿಂತೆ. ಕಾಣದವರ ಮುಂದೆ ಸದ್ದಿಲ್ಲದೆ ನಿಂತು ನೋಡುವ ಸುಖವೊಂದಿದೆ. ಅದು ನನಗೆ ಅಂದು ಗೊತ್ತಾಯಿತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಐದು ನಿಮಿಷ ಆಗಿರಬೇಕು. ಮೇಷ್ಟ್ರು ಪಾಠದ ನಡುವೆ, ದನಿ ಏರಿಸದೆ ಹೇಳಿದರು: "ಬಾಗಿಲಲ್ಲಿ ಯಾರೋ ಇದಾರೆ ಕಣ್ರೋ. ಹೆಸರು ಹೇಳಿಲ್ಲ ಅಂದ್ರೆ ಹೊಸಬರಿರ್ಬೇಕು. ಪಾಪ, ನಮ್ಮ ಪದ್ಧತಿ ಗೊತ್ತಿಲ್ಲ. ಒಂದು ಕುರ್ಚಿ ಕೊಡಿ."

ಆಗಲೂ 'ನಾನು' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಐವತ್ತರ ಹೆಂಗಸು, ಶಾಲೆಯ ಮುಖ್ಯೋಪಾಧ್ಯಾಯಿನಿ, ವರಾಂಡದಲ್ಲಿ ತುದಿಗಾಲಿನ ಮೇಲೆ ಓಡಿದೆ. ಹಿಂದಿನಿಂದ ಒಬ್ಬ ಹುಡುಗಿಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಹೆಡ್ ಮಿಸ್ಸು ಹೋದ್ರು ಸಾರ್."

"ಇಲ್ಲಮ್ಮ, ಹೊಸಬರು ಅಂದ್ನಲ್ಲ," ಎಂದು ಮೇಷ್ಟ್ರು ಕಾವೇರಿಯನ್ನು ಮುಂದುವರಿಸಿದರು.

ಅಂದು ಸಂಜೆ ಅವರನ್ನು ಕರೆದು ಎಲ್ಲವನ್ನೂ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದೆ. ಬಾಗಿಲಲ್ಲಿ ನಿಂತದ್ದನ್ನೂ, ಕಮಿಟಿಯ ಮುಂದೆ ಆಡಿದ್ದನ್ನೂ. ಬಿಳಿ ಕೋಲಿನ ಸದ್ದು ನನ್ನ ಕೋಣೆ ದಾಟಿ ಗೇಟಿನ ಕಡೆ ಹೋಯಿತು. ನಾನು ಕೂತೇ ಇದ್ದೆ. ಫಾರಂನಲ್ಲಿ ಮಾತ್ರ ಎಲ್ಲ ಸಾಲಿಗೂ ಪೂರ್ತಿ ಅಂಕ ಹಾಕಿದೆ, ಅದೇ ಪ್ರಾಯಶ್ಚಿತ್ತ ಎಂಬಂತೆ.

ಅವರು ನಿವೃತ್ತರಾದರು. ಶಾಲು, ಹಾರ, ಬುಟ್ಟಿ ಹಣ್ಣು. ಅವರ ಬಗ್ಗೆ ನಾನೇ ಚೆನ್ನಾಗಿ ಮಾತಾಡಿದೆ. ಆಮೇಲೆ ಏಳು ವರ್ಷ ಒಂದು ಸಲವೂ ಅವರ ಮನೆಗೆ ಹೋಗಲಿಲ್ಲ. ಬಸವನಗುಡಿಯಿಂದ ವೈಯಾಲಿಕಾವಲ್ ಏನು ಕಾಶಿ ರಾಮೇಶ್ವರವೇ? ಯುಗಾದಿಗೆ ಫೋನು ಮಾಡುತ್ತಿದ್ದೆ. ಕೊನೆಯ ಎರಡು ವರ್ಷ ಫೋನನ್ನು ಅವರ ಮಗಳೇ ಎತ್ತಿ "ಅಪ್ಪ ಮಲಗಿದಾರೆ ಆಂಟಿ" ಎನ್ನುತ್ತಿದ್ದಳು. ನಾನು ಹೆಚ್ಚು ಕೇಳಲಿಲ್ಲ.

ಹೋದ ವರ್ಷ ನನ್ನ ನಿವೃತ್ತಿ ಬಂತು. ಈ ಸಲ ಸೀನಿಯಾರಿಟಿಯಲ್ಲಿ ಮೊದಲು ಇದ್ದವಳು ಮೇಷ್ಟ್ರ ಶಿಷ್ಯೆ. ಹುಟ್ಟು ಕುರುಡಿ, ಅವರ ಕ್ಲಾಸಿನಲ್ಲೇ ನಕ್ಷೆ ತಡವಿ ಬೆಳೆದವಳು, ಹದಿನೈದು ವರ್ಷದಿಂದ ನಮ್ಮಲ್ಲಿ ಟೀಚರು. ಅದೇ ಅಧ್ಯಕ್ಷರು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದೇ ಪ್ರಶ್ನೆ ಕೇಳಿದರು. ಈ ಸಲ ನಾನು ಹೇಳಿದೆ: "ಒಂದು ಚೂರೂ ಕಷ್ಟ ಆಗಲ್ಲ ಸಾರ್. ನಾನು ಬರೆದುಕೊಡ್ತೀನಿ ಬೇಕಾದ್ರೆ." ಬರೆದೂ ಕೊಟ್ಟೆ. ಅವಳಿಗೆ ಆರ್ಡರು ಬಂತು. ಆ ರಾತ್ರಿ ನನಗೆ ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಗಂಗೆಯಲ್ಲಿ ಮುಳುಗಿ ಎದ್ದೆ ಎಂದುಕೊಂಡೆ.

ಮೇಷ್ಟ್ರಿಗೆ ಈ ಸುದ್ದಿ ನಾನೇ ಮುಟ್ಟಿಸಬೇಕು ಎನ್ನುವ ಆಸೆಯಾಯಿತು. ಅವಳು, ಹೊಸ ಹೆಡ್ಡು, ಒಂದು ಎಚ್ಚರಿಕೆ ಕೊಟ್ಟಳು. "ಮಿಸ್, ಸಾರ್‌ಗೆ ಈಗ ಕಿವೀನೂ ಕೇಳಿಸಲ್ಲ. ಪೂರ್ತಿ ಹೋಗಿದೆ. ಏನ್ ಹೇಳ್ಬೇಕಾದ್ರೂ ಬ್ರೈಲಲ್ಲಿ ಬರೆದು ಕೈಗೆ ಕೊಡ್ಬೇಕು."

ಕಣ್ಣಿಲ್ಲದವರಿಗೆ ಕಿವಿಯೂ ಹೋಗುವುದೆಂದರೆ ಏನೆಂದು ಆ ಶಾಲೆಯಲ್ಲಿ ಮೂವತ್ತು ವರ್ಷ ಕಳೆದವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಾನು ಸ್ಟಾಫ್ ರೂಮಿನಲ್ಲೇ ಕೂತು ಅತ್ತೆ. ತಳ್ಳುಗಾಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ ಮನುಷ್ಯ.

ಭಾನುವಾರ ಸಂಜೆ ಸಂಪಿಗೆ ರಸ್ತೆಯ ಮೆಟ್ರೊದಲ್ಲಿ ಇಳಿದು ಆಟೊ ಹಿಡಿದು ಹೋದೆ. ಮಹಡಿಯ ಮೇಲಿನ ಬಾಡಿಗೆ ಮನೆ. ಮಗಳು ಬಾಗಿಲು ತೆರೆದು "ಬನ್ನಿ ಆಂಟಿ, ಅಪ್ಪಂಗೆ ಎಷ್ಟು ಖುಷಿಯಾಗತ್ತೋ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಮೇಷ್ಟ್ರು ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದರು. ಮುಂದಿನ ಪುಟ್ಟ ಮೇಜಿನ ಮೇಲೆ ಬ್ರೈಲ್ ಸ್ಲೇಟು, ಚುಚ್ಚುವ ಮೊಳೆ, ದಪ್ಪ ಹಾಳೆಗಳ ಕಟ್ಟು. ಮಗಳು ಒಂದು ಸಾಲು ಚುಚ್ಚಿ ಕೈಗೆ ಕೊಟ್ಟಳು. ಅವರು ಬೆರಳಾಡಿಸಿದರು, ಮುಖ ಅರಳಿತು. "ಮೇಡಂ! ಬನ್ನಿ ಬನ್ನಿ!" ಎಂದು ಕೂಗಿದರು. ತಮ್ಮ ದನಿ ತಮಗೇ ಕೇಳಿಸದ್ದರಿಂದ ಬೀದಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದರು. ಮಗಳು ಕಾಫಿ ತರುತ್ತೇನೆ ಎಂದು ಒಳಗೆ ಹೋದಳು.

ನಾನು ಬರೆಯಲು ಕೂತೆ. ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ, ಅಕ್ಷರ ತಿರುಗಿಸಿ ಚುಚ್ಚುತ್ತಾ ಹೋಗಬೇಕು. ಹಾಳೆ ಮಗುಚಿದಾಗ ಅದು ಸರಿಯಾಗುತ್ತದೆ. ನಿಮ್ಮ ಶಿಷ್ಯೆ ಹೆಡ್ ಮಿಸ್ಸಾಗಿದ್ದಾಳೆ, ಕಮಿಟಿಯವರು ಕೇಳಿದರು, ಕಷ್ಟ ಆಗಲ್ಲ ಎಂದು ನಾನೇ ಹೇಳಿದೆ ಎಂದು ಬರೆದೆ. ನಾನೇ ಹೇಳಿದೆ ಎನ್ನುವುದನ್ನು ಬಿಡಬಹುದಿತ್ತು. ಬಿಡಲಿಲ್ಲ, ಬೆನ್ನು ತಟ್ಟಿಸಿಕೊಳ್ಳುವ ಚಪಲ.

ಮೇಷ್ಟ್ರು ಓದಿದರು. "ಆಯ್ತಾ? ಕೂತ್ಲಾ ಆ ರೂಮಲ್ಲಿ?" ಎಂದು ಎರಡೂ ಕೈಯಿಂದ ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಂಚಿನಲ್ಲಿ ನೀರು ಬಂತು. ಮತ್ತೆ ಬೆರಳು ಹಾಳೆಯ ಮೇಲೆ ಹೋಗಿ, ಕೊನೆಯ ಸಾಲನ್ನು ಇನ್ನೊಮ್ಮೆ ಓದಿತು. ನಗು ಇಳಿಯಿತು.

"ಒಳ್ಳೇದು ಮಾಡಿದ್ರಿ ಮೇಡಂ," ಎಂದರು. "ನನ್ನ ಬಗ್ಗೆ ಕೇಳ್ದಾಗ ಕಷ್ಟ ಆಗಬಹುದು ಅಂದ್ರಂತಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಅವತ್ತು ಸಾಯಂಕಾಲಾನೇ ಅಧ್ಯಕ್ಷರು ಫೋನ್ ಮಾಡಿ ಹೇಳಿದ್ರು. ನಂಗೆ ಬೇಜಾರಾಗ್ಬಾರ್ದು ಅಂತ. ನಿಮ್ಮ ಜೊತೆಯವರೇ ಹೀಗಂದ್ರು ಮೇಷ್ಟ್ರೇ, ನಿಮ್ಮ ಒಳ್ಳೇದಕ್ಕೇ ಅಂತ."

ಹಾಗಾದರೆ ಮೈಸೂರ್‌ಪಾಕು ತಂದಾಗ ಅವರಿಗೆ ಗೊತ್ತಿತ್ತು. ನಾಲ್ಕು ವರ್ಷ ನನಗೆ ನಿಯಮ ಹೇಳಿಕೊಟ್ಟಾಗ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದಾಗಲೂ.

"ಒಂದೇ ಒಂದು ಕೇಳ್ತೀನಿ," ಎಂದು ಅವರು ಸ್ಲೇಟನ್ನು ತಡವಿ ನನ್ನ ಕಡೆ ಸರಿಸಿದರು. "ಅವತ್ತು ನಿಮಗೆ ನಿಜವಾಗ್ಲೂ ಹಾಗನ್ನಿಸಿತ್ತಾ?"

ಅವರಿಗೆ ಕಿವಿ ಕೇಳುವಂತಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಸಾರ್, ಆಗಿನ ಪರಿಸ್ಥಿತಿ, ಮನೆಯವರು, ಕಮಿಟಿಯವರ ಮನಸ್ಸು ಹೇಗಿತ್ತೆಂದರೆ ಎಂದು ಮಾತಿನ ಬಲೆ ಹೆಣೆಯುತ್ತಿದ್ದೆ, ನಾಲಿಗೆ ನನ್ನದು ಉದ್ದವೇ. ಒಂದೊಂದೇ ಚುಕ್ಕಿ ಚುಚ್ಚಿ ಬರೆಯುವಾಗ ಅದೆಲ್ಲ ಆಗುವುದಿಲ್ಲ. ಹೌದು ಎಂದು ಬರೆಯೋಣವೆಂದೂ ಒಂದು ಕ್ಷಣ ಮೊಳೆ ಎತ್ತಿದೆ. ಹನ್ನೊಂದು ವರ್ಷದ ಮೇಲೆ ಇನ್ನೊಂದು ಸುಳ್ಳು ಬೇಡ ಎನ್ನಿಸಿತು.

'ಇಲ್ಲ' ಎಂದು ಬರೆದೆ. ಹಾಳೆ ಬಿಚ್ಚಿ, ಮಗುಚಿ, ಅವರ ಕೈಗಿಟ್ಟೆ.

ಒಂದು ಪದ ಓದಲು ಅವರಿಗೆ ಎಷ್ಟು ಹೊತ್ತು ಬೇಕು? ಬೆರಳು ಅದರ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ ಅಲ್ಲೇ ನಿಂತಿತು.

"ಇಷ್ಟು ವರ್ಷ, ಪಾಪ, ಅವಳಿಗೆ ನಿಜವಾಗ್ಲೂ ಹಾಗನ್ನಿಸ್ತು ಅಂದ್ಕೊಂಡಿದ್ದೆ," ಎಂದರು. ದನಿ ಮೊದಲ ಸಲ ಸಣ್ಣದಾಗಿತ್ತು. "ಹಾಗನ್ನಿಸೋ ಜನ ಊರು ತುಂಬ ಇದಾರೆ. ಚಿಕ್ಕ ವಯಸ್ಸಿಂದ ನೋಡಿದೀನಿ. ಅವರ ಮೇಲೆ ಸಿಟ್ಟು ಮಾಡ್ಕೊಂಡ್ರೆ ನಮ್ಮಂಥೋರು ಬದುಕಕ್ಕಾಗಲ್ಲ. ನೀವೂ ಹಾಗೇ ಅಂತ ಸಮಾಧಾನ ಮಾಡ್ಕೊಂಡಿದ್ದೆ."

ನಾನು ಹೊಸ ಹಾಳೆ ಸ್ಲೇಟಿಗೆ ಸಿಕ್ಕಿಸಿದೆ. ಕ್ಷಮಿಸಿ ಎಂದು ಬರೆಯಬೇಕಿತ್ತು. ಮೊಳೆ ಹಾಳೆಗೆ ತಾಗಿದ್ದು ಮೇಜಿನಲ್ಲಿ ತಿಳಿಯಿತೋ ಏನೋ, ಅವರು ಅಂಗೈಯನ್ನು ಸ್ಲೇಟಿನ ಮೇಲೆ ಇಟ್ಟರು.

"ಸಾಕು ಮೇಡಂ. ಹೊರಡಿ, ಹೊತ್ತಾಯ್ತು."

ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳ ಹಿಂದೆ ಒಲೆಯ ಪಕ್ಕ ಮೂರು ಲೋಟ ಜೋಡಿಸಿತ್ತು, ಬಿಸಿ ಡಿಕಾಕ್ಷನ್ನಿನ ವಾಸನೆ ಮನೆ ತುಂಬ ಹರಡಿತ್ತು. ಅವಳು ಕೂರಿ ಎನ್ನಲಿಲ್ಲ, ಕಾಫಿ ಕುಡಿದು ಹೋಗಿ ಎನ್ನಲೂ ಇಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ.